ಕಣ್ಣಿಗೆ ‘ಪೊರೆ’ ಬರುವುದು, ‘ಹೂ’ ಬೀಳುವುದು: ಈ ಎರಡರ ಗೆರೆ ಎಲ್ಲಿದೆ?

ಪದಬಲ್ಲ ಹಿರಿಯರಲ್ಲಿ ಮತ್ತು ಗೆಳೆಯರಲ್ಲಿ ಒಂದು ವಿನಂತಿ. ನಾನು ಬಳ್ಳಾರಿಯ ನಿವಾಸಿ. ನಮ್ಮ ಮನೆಯಲ್ಲಿ ಐದು ವರ್ಷದ ಒಂದು ಗಿನಿಯಿಲಿ ಇದೆ. ಹುರಿದ ಶೇಂಗಾಬೀಜದ ಬಣ್ಣ ಅದಕ್ಕಿರುವುದರಿಂದ ಮಗಳು ಶೇಂಗಾ ಎಂದೇ ಹೆಸರಿಟ್ಟಿದ್ದಾಳೆ. ಈಗ ಅದಕ್ಕೆ ಎರಡು ಕಣ್ಣೂ ಕಾಣುವುದಿಲ್ಲ. ನಾವು ಊರಿಗೆ ಹೋದಾಗ ಅದನ್ನು ನೋಡಿಕೊಳ್ಳುವ ಪಕ್ಕದ ಮನೆಯವರಿಗೆಂದು ಎರಡು ಪುಟದ ಸೂಚನೆಯೊಂದನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಎದುರಾದ ತೊಡಕುಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಈ ತೊಡಕಿಗೆ ಒಂದು ಹಿನ್ನೆಲೆಯಿದೆ, ಅದನ್ನು ಮೊದಲು ಹೇಳಬೇಕು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಸಿರುಗುಪ್ಪದ ಕಡೆಯಿಂದ ತರಿಸಿದ ಭತ್ತದ ಹುಲ್ಲನ್ನು ಹಾಸಿದ ಮರುದಿನ, ಶೇಂಗಾ ಬಲಗಣ್ಣನ್ನು ಅರ್ಧ ಮುಚ್ಚಿಕೊಂಡು ಗೂಡಿನ ಮೂಲೆಯಲ್ಲಿ ಕುಳಿತಿತ್ತು. ಕಣ್ಣಿನ ಕೆಳಗಿನ ಕೂದಲು ನೀರಿನಿಂದ ಅಂಟಿಕೊಂಡಿತ್ತು, ಕರಿಗುಡ್ಡೆಯ ಮೇಲೆ ಸಾಸಿವೆಯಷ್ಟು ಅಗಲದ, ನೀಲಿ ಬೆರೆತ ಬಿಳಿ ಮಚ್ಚೆಯಿತ್ತು. ಪ್ರಾಣಿವೈದ್ಯರೊಬ್ಬರಿಗೆ ಫೋನ್ ಮಾಡಿ ನಾನು ಹೇಳಿದ ಮಾತು ಇಷ್ಟೇ: ‘ಕಣ್ಣಿಗೆ ಪೊರೆ ಬಂದಿದೆ.’ ಪೊರೆಯಾದರೆ ಅವಸರವಿಲ್ಲ, ಮುಂದಿನ ವಾರ ತನ್ನಿ ಎಂಬ ಉತ್ತರ ಬಂತು; ನಾನು ಕೊಟ್ಟ ಪದಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು. ಮೂರನೆಯ ದಿನ ನಮ್ಮ ಪಕ್ಕದ ಮನೆಗೆ ಕೊಪ್ಪಳದಿಂದ ಬಂದಿದ್ದ ಅಜ್ಜಿಯೊಬ್ಬರು ಶೇಂಗಾವನ್ನು ಬಿಸಿಲಿನತ್ತ ತಿರುಗಿಸಿ ನೋಡಿ, ‘ಇದು ಪರಿ ಅಲ್ಲಪಾ, ಹೂ ಬೀಳಾಕತ್ತೈತಿ. ಪರಿ ಒಳಗ ಬರ್ತೈತಿ, ಹೂ ಮ್ಯಾಲ ಬೀಳ್ತೈತಿ’ ಎಂದರು. ಅಂದೇ ಕರೆದೊಯ್ದೆವು. ವೈದ್ಯರು ಕಣ್ಣಿಗೆ ಬಣ್ಣದ ಹನಿಯೊಂದನ್ನು ಬಿಟ್ಟು ನೀಲಿ ಬೆಳಕು ಹಿಡಿದಾಗ ಆ ಮಚ್ಚೆ ಎಳೆಯ ಹಸಿರಾಗಿ ಹೊಳೆಯಿತು. ಹುಲ್ಲಿನ ಮೊನೆ ತಗುಲಿ ಕಣ್ಣಿನ ಹೊರಮೈಯಾದ ಕಾರ್ನಿಯಾದಲ್ಲಿ ಹುಣ್ಣಾಗಿತ್ತು, ಅಷ್ಟರಲ್ಲಿ ಅದು ಆಳಕ್ಕೆ ಇಳಿದಿತ್ತು. ಹುಣ್ಣು ಮಾಯಿತು, ಆದರೆ ಬಿಳಿಯ ಕಲೆ ಉಳಿದು ಆ ಕಣ್ಣು ಹೋಯಿತು.

ಅಜ್ಜಿಯವರ ಆ ಎರಡು ವಾಕ್ಯಗಳನ್ನು ನಾನು ಅಂದಿನಿಂದ ಮತ್ತೆ ಮತ್ತೆ ಯೋಚಿಸಿದ್ದೇನೆ. ‘ಪೊರೆ’ಗೆ (ಅವರ ಮಾತಿನ ‘ಪರಿ’ಗೆ) ‘ಬರು’, ‘ಬೆಳೆ’ ಎಂಬ ಕ್ರಿಯಾಪದಗಳು, ‘ಹೂ’ವಿಗೆ ‘ಬೀಳು’ ಎಂಬ ಕ್ರಿಯಾಪದ. ‘ಪೊರೆ ಬಿದ್ದಿದೆ’ ಎಂದು ನಮ್ಮ ಕಡೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಪೊರೆ ಎಂದರೆ ಪಾಪೆಯ ಹಿಂದಿರುವ ಮಸೂರವೇ ಬೆಳ್ಳಗಾಗುವುದು. ಗಿನಿಯಿಲಿಗಳಲ್ಲಿ ಅದಕ್ಕೆ ವಯಸ್ಸು, ವಂಶ, ಸಕ್ಕರೆ ಕಾಯಿಲೆ ಕಾರಣವಾಗಬಹುದು. ಅದು ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ, ನೋವು ಕೊಡುವುದು ಕಡಿಮೆ. ಹೂ ಎಂದರೆ ಕಣ್ಣಿನ ಹೊರಮೈಯಾದ ಕಾರ್ನಿಯಾದ ಮೇಲಿನ ಬಿಳುಪು. ಅದರ ಹಿಂದೆ ಗಾಯವೋ ಹುಣ್ಣೋ ಇರುತ್ತದೆ, ನೋವಿರುತ್ತದೆ, ಒಂದೆರಡು ದಿನಗಳಲ್ಲಿಯೇ ಕಣ್ಣಿನ ಗತಿ ತೀರ್ಮಾನವಾಗಬಹುದು. ಮನೆಯಲ್ಲಿ ಉಳಿದಿರುವ ಯಾವುದೋ ಕಣ್ಣಿನ ಹನಿಯಲ್ಲಿ ಸ್ಟೀರಾಯ್ಡ್ ಇದ್ದು, ಅದನ್ನು ಪೊರೆಯೆಂಬ ಭಾವನೆಯಲ್ಲಿ ಇಂಥ ಹುಣ್ಣಿಗೆ ಹಾಕಿದರೆ ಹುಣ್ಣು ಇನ್ನೂ ಕೆಡುತ್ತದೆ. ಕಣ್ಣಿನ ಒಳಗೋ ಮೇಲೋ ಎಂಬ ಒಂದು ಭೇದವನ್ನು ಆಡುಮಾತು ಎರಡು ನಾಮಪದಗಳಲ್ಲಿಯೂ ಎರಡು ಕ್ರಿಯಾಪದಗಳಲ್ಲಿಯೂ ಕಾಯ್ದಿಟ್ಟುಕೊಂಡಿದೆ. ಬರವಣಿಗೆಯ ಕನ್ನಡ ಕಲಿತ ನಾನು ಅದನ್ನು ಕಳೆದುಕೊಂಡಿದ್ದೆ.

ನನ್ನ ತಪ್ಪಿಗೆ ಪದದಲ್ಲಿಯೇ ಒಂದು ಕಾರಣವೂ ಇದ್ದಂತೆ ತೋರುತ್ತದೆ. ಈರುಳ್ಳಿಯ ಪೊರೆ, ಹಾವಿನ ಪೊರೆ ಎನ್ನುವಲ್ಲೆಲ್ಲ ಪೊರೆ ಎಂದರೆ ಮೇಲಿನ ತೆಳು ಹೊದಿಕೆ. ಪೊರೆ ಬಿಡುವ ಮುನ್ನ ಹಾವಿನ ಕಣ್ಣು ಹಾಲುಬಣ್ಣಕ್ಕೆ ತಿರುಗಿ ಮಸುಕಾಗುವುದನ್ನು ಹೊಲದವರೆಲ್ಲ ಬಲ್ಲರು, ಅದೂ ಕಣ್ಣಿನ ಮೇಲಿನ ಹೊದಿಕೆಯೇ. ಕಣ್ಣಿನ ರೋಗಕ್ಕೆ ಬಂದಾಗ ಮಾತ್ರ ಈ ಪದ ಒಳಗಿನದನ್ನು ಹೇಳುತ್ತದೆ. ಹೀಗಿರುವಾಗ ಮೇಲ್ಮೈಯಲ್ಲಿ ಬಿಳುಪು ಕಂಡವನು ‘ಪೊರೆ’ ಎನ್ನುವುದು ಸಹಜ. ರಾಯಚೂರಿನ ಉರ್ದು ಮನೆಮಾತಿನ ಗೆಳೆಯರು ಹೇಳುವ ‘ಮೋತಿಯಾಬಿಂದ್’ (ಮೋತಿ ಎಂದರೆ ಮುತ್ತು) ಈ ವಿಷಯದಲ್ಲಿ ಹೆಚ್ಚು ಖಚಿತವಾಗಿದೆ ಎಂದು ನನ್ನ ಅಭಿಪ್ರಾಯ. ಶೇಂಗಾದ ಎಡಗಣ್ಣಿಗೆ ಹೋದ ವರ್ಷ ನಿಜವಾದ ಪೊರೆ ಬಂದಾಗ, ಕಡುಗಪ್ಪಾದ ಅದರ ಕಣ್ಣಿನ ನಡುವೆ, ಆಳದಲ್ಲಿ, ಮುತ್ತೊಂದನ್ನು ಹುದುಗಿಸಿಟ್ಟಂತೆಯೇ ಕಾಣುತ್ತಿತ್ತು. ಮೇಲ್ಮೈ ಮಾತ್ರ ಗಾಜಿನಂತೆ ನಿರ್ಮಲವಾಗಿ ಕಿಟಕಿಯ ಬೆಳಕನ್ನು ಪ್ರತಿಫಲಿಸುತ್ತಿತ್ತು. ಗಡಿಯಾಚೆಯ ತೆಲುಗಿನಲ್ಲಿಯೂ ‘ಶುಕ್ಲಂ’ ಬೇರೆ, ‘ಪುವ್ವು’ ಬೇರೆ.

ಎರಡನೆಯ ತೊಡಕು ‘ಮಂಜು’ ಮತ್ತು ‘ಕಾಣು’ ಎಂಬ ಪದಗಳದು. ‘ಕಣ್ಣು ಮಂಜಾಗಿದೆ’ ಎಂದು ಮನುಷ್ಯ ತನ್ನ ಬಗ್ಗೆ ಹೇಳಿದರೆ ತನಗೆ ಮಸುಕಾಗಿ ಕಾಣುತ್ತದೆ ಎಂದರ್ಥ. ಪ್ರಾಣಿಯ ಬಗ್ಗೆ ಹೇಳಿದರೆ ಅದರ ಕಣ್ಣು ನಮಗೆ ಮಸುಕಾಗಿ ತೋರುತ್ತದೆ ಎಂದರ್ಥ. ವಯಸ್ಸಾದ ಗಿನಿಯಿಲಿಯ ಕಣ್ಣು ಹೊರಗಿನಿಂದ ತುಸು ನೀಲಿಮಂಜಾಗಿ ತೋರಿದರೂ ಅದಕ್ಕೆ ಸಾಕಷ್ಟು ಕಾಣುತ್ತಿರಬಹುದು. ಫಳಫಳ ಹೊಳೆಯುವ ಕಣ್ಣಿನ ಹಿಂದೆ ಅಕ್ಷಿಪಟಲ ಕೆಟ್ಟು ಏನೂ ಕಾಣದಿರಲೂಬಹುದು. ‘ಅದರ ಕಣ್ಣು ಕಾಣುವುದಿಲ್ಲ’ ಎಂದು ನಾನು ಬರೆದದ್ದನ್ನು ಪಕ್ಕದ ಮನೆಯ ಹುಡುಗ ಓದಿ, ಕಣ್ಣಿನ ಮೇಲೆ ಕೂದಲು ಬಿದ್ದು ಕಣ್ಣೇ ತೋರುತ್ತಿಲ್ಲ ಎಂದು ಅರ್ಥಮಾಡಿಕೊಂಡು, ಹಣೆಯ ಉದ್ದ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ವ್ಯಾಕರಣದ ಪ್ರಕಾರ ಅವನ ಓದೂ ಸರಿಯೇ. ಆದ್ದರಿಂದ ಈಗ ‘ಅದಕ್ಕೆ ಕಣ್ಣು ಕಾಣುವುದಿಲ್ಲ’ ಎಂದು ಚತುರ್ಥಿ ವಿಭಕ್ತಿಯಲ್ಲಿ ತಿದ್ದಿದ್ದೇನೆ.

ಬಾಯಿಲ್ಲದ ಪ್ರಾಣಿಗೆ ಕಣ್ಣು ಕಾಣದೆಂದು ನಾವು ತಿಳಿಯುವುದು ಅದರ ನಡೆಯಿಂದ. ಗಿನಿಯಿಲಿಯ ವಿಷಯದಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಅದು ತನ್ನ ಕುಂದನ್ನು ಮುಚ್ಚಿಡುತ್ತದೆ. ತಲೆಯ ಎರಡು ಬದಿಗೆ ಕಣ್ಣಿರುವುದರಿಂದ ಅದಕ್ಕೆ ಸುಮಾರು 340 ಡಿಗ್ರಿಯಷ್ಟು ಸುತ್ತಳತೆ ಕಾಣುತ್ತದೆ, ಆದರೆ ಮೂಗಿನ ನೇರ ಮುಂದಿನದು ಕಾಣದು; ಮೂಗಿನಡಿ ಇಟ್ಟ ಗಜ್ಜರಿಯನ್ನು ತಡಕಾಡಿ ಹುಡುಕಿತೆಂದರೆ ಅದು ಕುರುಡಿನ ಗುರುತಲ್ಲ. ಕಣ್ಣೆದುರು ಕೈ ಬೀಸಿದರೆ ಗಾಳಿ ಮೀಸೆಗೆ ತಗುಲಿ, ಕಾಣದ ಗಿನಿಯಿಲಿಯೂ ಬೆಚ್ಚುತ್ತದೆ. ನಮಗೆ ಅನುಮಾನ ಬಂದದ್ದು ಗೂಡಿನ ನೀರಿನ ಬಾಟಲಿಯನ್ನು ಒಂದು ಗೇಣು ಆಚೆ ಕಟ್ಟಿದ ದಿನ. ಶೇಂಗಾ ಹಳೆಯ ಜಾಗಕ್ಕೇ ಹೋಗಿ, ಇಲ್ಲದ ನಳಿಕೆಗೆ ಬಾಯಿ ಚಾಚಿ ನಿಂತಿತ್ತು. ಬಳಿಕ ಹತ್ತಿಯ ಉಂಡೆಯೊಂದನ್ನು ಸದ್ದಾಗದಂತೆ ಪಕ್ಕದಲ್ಲಿ ಬೀಳಿಸಿ ನೋಡಿದೆವು. ತಲೆ ಅತ್ತ ತಿರುಗಲಿಲ್ಲ. ಈ ನಡೆಗೆ ‘ತಡವರಿಸು’ ಎನ್ನಬೇಕೋ ‘ತಡಕಾಡು’ ಎನ್ನಬೇಕೋ? ನನ್ನ ಕಿವಿಗೆ ತಡವರಿಸುವುದು ಮಾತಿನಲ್ಲಿ ಅಥವಾ ಹೆಜ್ಜೆಯಲ್ಲಿ ಅನುಮಾನಿಸುವುದು, ತಡಕಾಡುವುದು ಮುಟ್ಟಿ ಹುಡುಕುವುದು. ಶೇಂಗಾ ಎರಡನ್ನೂ ಮಾಡುತ್ತದೆ.

‘ದೃಷ್ಟಿದೋಷ’, ‘ದೃಷ್ಟಿನಾಶ’ ಎಂಬ ಪುಸ್ತಕದ ಪದಗಳನ್ನು ನಾನು ಕೈಬಿಟ್ಟೆ. ಮೊದಲ ಪ್ರತಿಯಲ್ಲಿ ‘ಇದಕ್ಕೆ ದೃಷ್ಟಿದೋಷವಿದೆ’ ಎಂದಿತ್ತು. ಅದನ್ನು ಓದಿಸಿಕೊಂಡ ಅದೇ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಲು ಎದ್ದರು. ಆ ಘಾಟು ಗಿನಿಯಿಲಿಯ ಉಸಿರಿಗೂ ಹುಣ್ಣಾಗಿದ್ದ ಕಣ್ಣಿಗೂ ಒಳ್ಳೆಯದಲ್ಲವೆಂದು ಕೈಮುಗಿದು ನಿಲ್ಲಿಸಬೇಕಾಯಿತು. ಅವರ ಅಕ್ಕರೆಯಲ್ಲಿ ತಪ್ಪಿಲ್ಲ. ನಮ್ಮ ಮನೆಗಳಲ್ಲಿ ದೃಷ್ಟಿ ಎಂದರೆ ಮೊದಲು ನೆನಪಾಗುವುದು ತಾಗುವ ದೃಷ್ಟಿಯೇ. ‘ಕುರುಡು’ ಎಂಬುದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ, ಅದು ಬೈಗುಳವಾಗಿ ಸವೆದಿದೆ.

‘ಗೀಜು’ ಬಗ್ಗೆ ಒಂದು ಮಾತು. ಗಿನಿಯಿಲಿ ಮುಖ ತೊಳೆದುಕೊಳ್ಳುವಾಗ ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಒಸರುತ್ತದೆ, ಮುಂಗಾಲಿನಿಂದ ಅದನ್ನು ಮುಖಕ್ಕೆ ಸವರಿಕೊಳ್ಳುತ್ತದೆ, ಕ್ಷಣಮಾತ್ರದಲ್ಲಿ ಅದು ಮಾಯವಾಗುತ್ತದೆ. ಇದು ಆರೋಗ್ಯದ ಲಕ್ಷಣ, ಗೀಜಲ್ಲ. ರೆಪ್ಪೆಗೆ ಅಂಟಿ ಒಣಗಿ ನಿಲ್ಲುವುದು ಗೀಜು; ಅದಕ್ಕೆ ಸೋಂಕೋ ಸಿ ಜೀವಸತ್ವದ ಕೊರತೆಯೋ ಕಾರಣವಿರಬಹುದು. ಮನುಷ್ಯರಂತೆ ಗಿನಿಯಿಲಿಯ ದೇಹವೂ ಈ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಡಬ್ಬು ಮೆಣಸಿನಕಾಯಿಯ ಹೋಳು, ಪೇರಲದ ಚೂರು, ಕೊತ್ತಂಬರಿ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ.

ಉಳಿದ ಸೂಚನೆಗಳಲ್ಲಿ ಪದದ ತೊಡಕು ಕಡಿಮೆ. ಗೂಡಿನೊಳಗಿನ ಯಾವ ವಸ್ತುವನ್ನೂ ಜರುಗಿಸಬಾರದು; ಮುಟ್ಟುವ ಮುನ್ನ ಹೆಸರು ಹಿಡಿದು ಕರೆಯಬೇಕು; ಏರುಮೆಟ್ಟಿಲು, ಅಟ್ಟ ಇಡಬಾರದು; ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಬೇಕು; 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗೂಡನ್ನು ತಂಪಾದ ಕೋಣೆಗೆ ತರಬೇಕಾದರೆ ಒಳಗಿನ ಜೋಡಣೆ ಕದಲದಂತೆ ಗೂಡನ್ನೇ ಎತ್ತಿ ತರಬೇಕು. ಇದೆಲ್ಲಕ್ಕೆ ತಲೆಬರಹವಾಗಿ ‘ನಿಭಾಯಿಸುವುದು’ ಎಂದು ಬರೆದಿದ್ದವನು ಅದನ್ನು ಹೊಡೆದು ‘ಒಗ್ಗುವುದು’ ಎಂದು ಬರೆದೆ. ನೀರು ಒಗ್ಗುತ್ತದೆ, ಹವೆ ಒಗ್ಗುತ್ತದೆ ಎನ್ನುವಂತೆ ಶೇಂಗಾಕ್ಕೆ ಕತ್ತಲೆ ಒಗ್ಗಿದೆ. ಮೂಗು, ಮೀಸೆ, ಕಿವಿ ನಂಬಿಕೊಂಡು ಅದು ಹುಲ್ಲಿನ ರಾಶಿಯಿಂದ ನೀರಿಗೆ ಗೋಡೆ ಸವರಿಕೊಂಡು ನೇರವಾಗಿ ಹೋಗುತ್ತದೆ, ಕೊತ್ತಂಬರಿ ಕಟ್ಟಿನ ಸದ್ದಾದರೆ ಕೂಗುತ್ತದೆ.

ಈಗ ನನ್ನ ಪ್ರಶ್ನೆಗಳು. ‘ಪೊರೆ ಒಳಗೆ, ಹೂ ಮೇಲೆ’ ಎಂಬ ಭೇದ ಸಿಂಧನೂರು, ಲಿಂಗಸುಗೂರು, ಕುಷ್ಟಗಿ ಕಡೆಯ ಕುರಿಗಾರರ ಮಾತಿನಲ್ಲಿಯೂ ಹೀಗೆಯೇ ಇದೆಯೇ? ಕುರಿಯ ಕಣ್ಣಿಗೆ ಮುಳ್ಳು ತಗುಲಿ, ಬಿಳುಪು ಇನ್ನೂ ಮೂಡದೆ ನೀರಷ್ಟೇ ಸುರಿಯುವ ಮೊದಲ ದಿನದ ಸ್ಥಿತಿಗೆ, ಹೂ ಬೀಳುವುದಕ್ಕೂ ಮುಂಚಿನ ಆ ಸ್ಥಿತಿಗೆ, ಅವರಲ್ಲಿ ಬೇರೊಂದು ಹೆಸರಿದೆಯೇ? ಇದ್ದರೆ ದಯವಿಟ್ಟು ಉಚ್ಚಾರಣೆಯೊಡನೆ, ಯಾವ ಊರಿನ ಮಾತೆಂದು ಬರೆದು ತಿಳಿಸಬೇಕು. ನನ್ನ ಎರಡು ಪುಟದ ಸೂಚನೆಯ ಮೊದಲ ಸಾಲಿಗೆ ಬೇಕಾಗಿರುವುದು ಆ ಪದ.