ಮಳೆಗಾಲದಲ್ಲಿ ಮನೆಯ ಐಪಿ ಬದಲಾಗುತ್ತಲೇ ಇರುತ್ತದೆ, ಕ್ಲೌಡ್ ಫೈರ್‌ವಾಲ್ ಹೇಗೆ ಇಟ್ಟುಕೊಂಡಿದ್ದೀರಿ?

ಸಿರ್ಸಿಯಿಂದ, ಪ್ರಶ್ನೆ:
ಅಡಕೆ ವ್ಯಾಪಾರದ ಒಂದು ಸಣ್ಣ ಸಂಘದ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈನಲ್ಲಿ ಒಂದು ವೆಬ್ ಸರ್ವರ್, ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಪೋರ್ಟ್ 22 ನಮ್ಮ ಮನೆಯ ಐಪಿಗೆ ಮಾತ್ರ ತೆರೆದಿದೆ. ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ. ಮೋಡೆಮ್ ಮತ್ತೆ ಆನ್ ಆದಾಗ ಐಪಿ ಬೇರೆ. ಪ್ರತಿ ಸಲ ಕನ್ಸೋಲ್‌ಗೆ ಹೋಗಿ ರೂಲ್ ತಿದ್ದಬೇಕು. ಸುಮ್ನೆ 0.0.0.0/0 (ಅಂದರೆ ಎಲ್ಲ ಐಪಿಗೂ ಬಿಡು) ಹಾಕಿಬಿಡೋಣ ಅನಿಸುತ್ತಿದೆ. ನೀವೆಲ್ಲ ಏನು ಮಾಡುತ್ತೀರಿ?

ಕಾರವಾರದಿಂದ:
ದಯವಿಟ್ಟು ಹಾಕಬೇಡಿ. 22 ಎಲ್ಲರಿಗೂ ತೆರೆದರೆ ಸ್ವಲ್ಪ ಹೊತ್ತಿಗೇ ಲಾಗ್ ತುಂಬ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು.

ಇನ್ನೊಂದು, ಮನೆಯ ಐಪಿ ನಿಮ್ಮೊಬ್ಬರದೇ ಅಂತ ನಂಬಬೇಡಿ. ರೌಟರ್‌ನಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ಐಪಿ) ನೋಡಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಹೊರಗೆ ಕಾಣುವ ಒಂದೇ ಐಪಿಯನ್ನು ಎಷ್ಟೋ ಮನೆಗಳು ಬಳಸುತ್ತಿರುತ್ತವೆ. ನಿಮ್ಮ ರೂಲ್ ಅವರನ್ನೂ ಒಳಗೆ ಬಿಡುತ್ತದೆ.

22 ಪೂರ್ತಿ ಮುಚ್ಚಿ, ಎಡಬ್ಲ್ಯೂಎಸ್‌ನದೇ ರಿಮೋಟ್ ಲಾಗಿನ್ ಸೌಲಭ್ಯ ಸೆಷನ್ ಮ್ಯಾನೇಜರ್ ಬಳಸಿ. ಸರ್ವರ್‌ನೊಳಗಿನ ಏಜೆಂಟ್ ತಾನೇ 443 (ಎಚ್‌ಟಿಟಿಪಿಎಸ್) ಪೋರ್ಟ್‌ನಲ್ಲಿ ಹೊರಗೆ ಹೋಗಿ ಸಂಪರ್ಕ ಮಾಡುತ್ತದೆ. ಈ ಲಾಗಿನ್‌ಗೆ ಒಳಬರುವ ರೂಲ್ ಒಂದೂ ಬೇಡ. ಸರ್ವರ್‌ಗೆ ಸರಿಯಾದ ಐಎಎಂ ರೋಲ್ (ಎಡಬ್ಲ್ಯೂಎಸ್ ಅನುಮತಿ) ಕೊಡಬೇಕು, ಅಷ್ಟೆ. ಆದರೆ ಅದು ಕೆಲಸ ಮಾಡುವುದನ್ನು ನೋಡಿದ ಮೇಲೇ 22 ತೆಗೆಯಿರಿ.

ಕುಮಟಾದಿಂದ:
ನನಗೆ ವೈರ್‌ಗಾರ್ಡ್ ವಿಪಿಎನ್ ಇಷ್ಟ. ಯುಡಿಪಿ 51820 ಒಂದನ್ನು ತೆರೆದಿಟ್ಟಿದ್ದೇನೆ. ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ನಡುವೆ ಐಪಿ ಬದಲಾದರೂ ಸುರಂಗ ಉಳಿಯುತ್ತದೆ. ಕರೆಂಟ್ ಹೋದ ಕೂಡಲೇ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾರುವವರು ನಾವು, ಅಲ್ವಾ?

ಹೊನ್ನಾವರದಿಂದ:
22ರ ಚಿಂತೆಯಲ್ಲಿ ಮೈಎಸ್‌ಕ್ಯೂಎಲ್‌ನ ಪೋರ್ಟ್ 3306 ಮರೆಯಬೇಡಿ. ಡೇಟಾಬೇಸ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ (ಸರ್ವರ್‌ಗೆ ಹಾಕುವ ಕ್ಲೌಡ್ ಫೈರ್‌ವಾಲ್) ಸೋರ್ಸ್ ಆಗಿ ಐಪಿ ಬರೆಯುವ ಬದಲು ವೆಬ್ ಸರ್ವರ್‌ನ ಗ್ರೂಪ್ ಐಡಿಯನ್ನೇ ಕೊಡಿ. ನಾಳೆ ಹೊಸ ವೆಬ್ ಸರ್ವರ್ ಬಂದರೆ ಅದನ್ನು ಆ ಗ್ರೂಪ್‌ಗೆ ಸೇರಿಸಿದರೆ ಮುಗಿಯಿತು, ರೂಲ್ ಮುಟ್ಟುವುದೇ ಬೇಡ.

ನೆಟ್‌ವರ್ಕ್ ಎಸಿಎಲ್ (ಸಬ್‌ನೆಟ್ ಅಂದರೆ ನೆಟ್‌ವರ್ಕ್‌ನ ಒಂದು ಭಾಗಕ್ಕೇ ಹಾಕುವ ಇನ್ನೊಂದು ಫೈರ್‌ವಾಲ್) ಅನ್ನು ಸದ್ಯಕ್ಕೆ ಹಾಗೇ ಬಿಡಿ. ಸೆಕ್ಯುರಿಟಿ ಗ್ರೂಪ್ ಅಡಕೆ ಯಾರ್ಡಿನ ಗೇಟಿನವನ ಹಾಗೆ: ಒಳಗೆ ಬಿಟ್ಟ ಗಾಡಿ ನೆನಪಿರುತ್ತದೆ, ಹೊರಡುವಾಗ ಮತ್ತೆ ಚೀಟಿ ಕೇಳುವುದಿಲ್ಲ. ಎಸಿಎಲ್‌ಗೆ ಆ ನೆನಪಿಲ್ಲ. 443 ಒಳಗೆ ಬಿಟ್ಟು, ಉತ್ತರ ವಾಪಸ್ ಹೋಗಲು 1024ರಿಂದ 65535ರವರೆಗಿನ ಪೋರ್ಟ್ ಹೊರಕ್ಕೆ ತೆರೆಯದಿದ್ದರೆ ಸೈಟ್ ಸ್ತಬ್ಧ. ಜೊತೆಗೆ ಅಲ್ಲಿ ರೂಲ್‌ಗಳು ಚಿಕ್ಕ ನಂಬರ್‌ನಿಂದ ಶುರುವಾಗುತ್ತವೆ, ಮೊದಲು ಹೊಂದಿದ್ದೇ ಅಂತಿಮ. ಒಂದು ನಿರ್ದಿಷ್ಟ ಐಪಿಯನ್ನು ತಡೆಯಬೇಕಾದಾಗ ಮಾತ್ರ ಎಸಿಎಲ್ ಬೇಕು. ಸೆಕ್ಯುರಿಟಿ ಗ್ರೂಪ್‌ನಲ್ಲಿ ಬಿಡುವ ರೂಲ್ ಇದೆ, ತಡೆಯುವ ರೂಲ್ ಇಲ್ಲ.

ಐಪಿವಿ6 ಇದ್ದರೆ ::/0 (ಐಪಿವಿ6ನಲ್ಲಿ ಎಲ್ಲರಿಗೂ ಬಿಡು) ಅಂತ ಹಳೆಯ ರೂಲ್ ಉಳಿದಿದೆಯಾ ನೋಡಿ. ಐಪಿವಿ4 ಬಿಗಿ ಮಾಡಿ ಇದನ್ನು ಬಿಟ್ಟವರು ಬೇಕಾದಷ್ಟು ಜನ.

ಯಲ್ಲಾಪುರದಿಂದ:
ಸರ್ವರ್ ಒಳಗೆ ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್‌ನಲ್ಲಿ ಓಡಿಸುವ ವ್ಯವಸ್ಥೆ) ಇದ್ದರೆ ಲಿನಕ್ಸ್‌ನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ನಂಬಬೇಡಿ. ಪಬ್ಲಿಶ್ ಮಾಡಿದ (ಕಂಟೇನರ್‌ನಿಂದ ಹೊರಕ್ಕೆ ತೆರೆದ) ಪೋರ್ಟ್‌ಗೆ ಡಾಕರ್ ತಾನೇ ಲಿನಕ್ಸ್‌ನ ಐಪಿಟೇಬಲ್ಸ್ ಫೈರ್‌ವಾಲ್‌ನಲ್ಲಿ ರೂಲ್ ಬರೆಯುತ್ತದೆ, ಯುಎಫ್‌ಡಬ್ಲ್ಯೂ ಬೇಡ ಅಂದರೂ ಅದು ತೆರೆದೇ ಇರುತ್ತದೆ. ಕ್ಲೌಡ್ ಫೈರ್‌ವಾಲ್ ಸರ್ವರ್‌ನ ಹೊರಗಿರುವುದರಿಂದ ಅದು ಹಿಡಿಯುತ್ತದೆ.

ಸಿರ್ಸಿಯಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ವೆಬ್ ಸರ್ವರ್ ಸೆಷನ್ ಮ್ಯಾನೇಜರ್‌ನಲ್ಲಿ ಬಂತು. ಡೇಟಾಬೇಸ್ ಸರ್ವರ್ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಪಬ್ಲಿಕ್ ಐಪಿ ಇಲ್ಲ, ಅದೇ ಕಾರಣವಾ?

ಕಾರವಾರದಿಂದ:
ಬಹುಶಃ ಹೌದು. ಏಜೆಂಟ್‌ಗೆ 443ರಲ್ಲಿ ಹೊರಗೆ ಹೋಗಲು ದಾರಿ ಬೇಕು. ನ್ಯಾಟ್ ಗೇಟ್‌ವೇ (ಇಂಟರ್ನೆಟ್‌ಗೆ ಹೊರದಾರಿ) ಅಥವಾ ವಿಪಿಸಿ ಎಂಡ್‌ಪಾಯಿಂಟ್ (ಎಡಬ್ಲ್ಯೂಎಸ್ ಸೇವೆಗೆ ಒಳದಾರಿ) ಹಾಕಬಹುದು, ಆದರೆ ಎರಡಕ್ಕೂ ಗಂಟೆ ಲೆಕ್ಕದ ಬಿಲ್. ಇಷ್ಟು ಸಣ್ಣ ವ್ಯವಸ್ಥೆಗೆ ಜಾಸ್ತಿಯಾಯಿತು. ಅದರ ಬದಲು ವೆಬ್ ಸರ್ವರ್ ಮೂಲಕವೇ 3306ಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿ. ಸೆಷನ್ ಮ್ಯಾನೇಜರ್‌ನಲ್ಲಿ ರಿಮೋಟ್ ಹೋಸ್ಟ್‌ಗೆ ಫಾರ್ವರ್ಡ್ ಮಾಡುವ ಸೌಲಭ್ಯ ಇದೆ. ಹೊನ್ನಾವರದವರು ಹೇಳಿದ ಗ್ರೂಪ್ ರೂಲ್ ಹಾಕಿದ್ದರೆ ಇದಕ್ಕೆ ಬೇರೆ ಏನೂ ತೆರೆಯಬೇಕಿಲ್ಲ.