ಸುತ್ತಳತೆ–ವಿಸ್ತೀರ್ಣ: ಆರನೇ ತರಗತಿಗೆ ಮೈದಾನದಲ್ಲಿ ಅಳೆಸುವುದು ಹೇಗೆ?

ಎರೆಹೊಲ (ದಾವಣಗೆರೆ ತಾಲ್ಲೂಕು) ಕೇಳಿದ್ದು:

28 ಮಕ್ಕಳ ತರಗತಿ. ಪುಸ್ತಕದಲ್ಲಿ ಆಯತ ಬರೆದುಕೊಟ್ಟರೆ ಸೂತ್ರ ಹಾಕಿ ಉತ್ತರ ತೆಗೆಯುತ್ತಾರೆ. ಬೇಲಿಗೆ ತಂತಿ ಎಷ್ಟು, ಗೊಬ್ಬರ ಹಾಕೋ ಜಾಗ ಎಷ್ಟು ಅಂದರೆ ಮಾತ್ರ ಎರಡಕ್ಕೂ ಉದ್ದ ಗುಣಿಸು ಅಗಲ! ಮೈದಾನ ದೊಡ್ಡದಿದೆ, 30 ಮೀಟರ್ ಟೇಪು ಒಂದೇ ಇದೆ, ಎರಡು ಪೀರಿಯಡ್ ಸಿಗುತ್ತದೆ. ಮನೆಯಲ್ಲಿ ಮಕ್ಕಳು ಕೇಳೋದು ಎಕರೆ-ಗುಂಟೆ, ಪುಸ್ತಕದಲ್ಲಿ ಚದರ ಮೀಟರ್. ಎಲ್ಲಿಂದ ಶುರು ಮಾಡಲಿ? ಓರೆಕೋರೆ ಹೊಲದ ಲೆಕ್ಕ ಈ ವಯಸ್ಸಿಗೆ ಬೇಕಾ?

ಮೂವತ್ಮೂರಡಿ:

ಗುಂಟೆಯಿಂದಲೇ ಶುರು ಮಾಡಿ ಮೇಡಂ. 33 ಅಡಿ ಚೌಕ ಅಂದರೆ 1089 ಚದರಡಿ, ಅದೇ ಒಂದು ಗುಂಟೆ. ಅಂಥವು 40 ಸೇರಿದರೆ ಎಕರೆ.

ಬೇಕಾದ್ದು: ಗೂಟ ಎಂಟು, ಸುಣ್ಣದ ಪುಡಿ, ದಾರ, 33 ಅಡಿಯ ಒಂದು ಅಳತೆಪಟ್ಟಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ, ಒಂದೊಂದು ಗುಂಪಿಗೆ ಒಂದೊಂದು ಗುಂಟೆ ಬರುತ್ತದೆ. ಪೆಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಅಂಗಡಿಯವರು ಬಿಸಾಡುತ್ತಾರೆ, ಅದು ಹಿಗ್ಗುವುದು ಕಡಿಮೆ. ಟೇಪಿನ ಸೊನ್ನೆ ಕೊಂಡಿಯ ತುದಿಯಲ್ಲಿದೆಯೋ ಪಟ್ಟಿಯ ಮೇಲೆ ಸ್ವಲ್ಪ ಒಳಗಿದೆಯೋ ಮೊದಲೇ ನೋಡಿಕೊಳ್ಳಿ.

ಮೂಲೆ ಕಣ್ಣಂದಾಜಿನಲ್ಲಿ ಹಾಕಬೇಡಿ. ಅ, ಬ ಎಂಬ ಎರಡು ಗೂಟ 33 ಅಡಿ ದೂರದಲ್ಲಿ ನೆಡಿ. ಅ ಗೂಟದಿಂದ ಪಟ್ಟಿಯಲ್ಲಿ 33 ಅಡಿ, ಬ ಗೂಟದಿಂದ ಟೇಪಿನಲ್ಲಿ 46 ಅಡಿ 8 ಇಂಚು ಎಳೆದು ಎರಡೂ ಬಿಗಿಯಾಗಿ ಕೂಡುವ ಜಾಗವೇ ಮೂರನೇ ಮೂಲೆ. ಅದೇ ಕಡೆಗೆ ನಾಲ್ಕನೆಯದನ್ನೂ ಹೀಗೇ ಹಿಡಿಯಿರಿ. ಉಳಿದ ಬದಿ 33 ಅಡಿ ಬರದಿದ್ದರೆ ಎಲ್ಲೋ ಪಟ್ಟಿ ಸಡಿಲವಾಗಿದೆ ಅಂತಲೇ ಲೆಕ್ಕ.

ಈಗ ಒಳಗಿನ ಜಾಗ. ಎದುರುಬದುರು ಎರಡು ಬದಿಯಲ್ಲಿ 24¾ ಇಂಚಿಗೊಂದು ಗುರುತು ಹಾಕಿ ದಾರ ಎಳೆದರೆ 16 ಪಟ್ಟೆ ಬರುತ್ತವೆ. ಒಂದೊಂದು ಪಟ್ಟೆ ಒಂದೊಂದು ಆಣೆ, ಸುಮಾರು 68 ಚದರಡಿ. ಹಳೇ ಸರ್ವೆ ಟಿಪ್ಪಣಿಯಲ್ಲಿ 33 ಅಡಿ ಸರಪಳಿಯನ್ನು 16 ಆಣೆ ಮಾಡಿದ್ದು ಇದೇ ಲೆಕ್ಕ: ಉದ್ದಕ್ಕೂ ಆಣೆ, ಜಾಗಕ್ಕೂ ಆಣೆ. ಸುಣ್ಣದ ಗೆರೆ ಮೇಲೆ ನಡೆದದ್ದು ಸುತ್ತಳತೆ, ಪಟ್ಟೆ ಎಣಿಸಿದ್ದು ವಿಸ್ತೀರ್ಣ. ಸೂತ್ರ ಆಮೇಲೆ ತಾನೇ ಬರುತ್ತದೆ.

ಎರಡನೇ ಪೀರಿಯಡ್ಡಿಗೆ ಪಟ್ಟಿಗಳನ್ನು ಗಂಟು ಹಾಕಿ 132 ಅಡಿಯ ಒಂದು ಬಳೆ ಮಾಡಿ. 33×33 ಇಟ್ಟರೆ 1089, 44×22 ಇಟ್ಟರೆ 968, 55×11 ಇಟ್ಟರೆ 605 ಚದರಡಿ. ಬೇಲಿ ಅಷ್ಟೇ, ಹೊಲ ಹದಿನಾರಾಣೆಯಿಂದ ಒಂಬತ್ತಾಣೆಗೂ ಕಮ್ಮಿ. ಆಮೇಲೆ ಮೊದಲಿನ ಚೌಕವನ್ನೇ ಓರೆಗೆ ತಳ್ಳಿಸಿ. ನಾಲ್ಕೂ ಬದಿ 33 ಅಡಿಯೇ, ಆದರೆ ಎದುರು ಬದಿಗಳ ನಡುವಿನ ನೇರ ಅಂತರ 30 ಅಡಿಗೆ ಇಳಿದರೆ ಜಾಗ 990ಕ್ಕೆ ಇಳಿಯಿತು. ಪುಸ್ತಕದಲ್ಲಿ ಎಷ್ಟು ಚಿತ್ರ ಬರೆದರೂ ಇದು ಮನಸ್ಸಿಗೆ ಇಳಿಯುವುದಿಲ್ಲ.

ಕಂಬದ ಲೆಕ್ಕ ಬಿಡಬೇಡಿ. 11 ಅಡಿಗೊಂದು ಕಲ್ಲುಕಂಬ ಅಂದರೆ ಕೆಲವರು 16 ಅಂತಾರೆ (ಬದಿಗೆ ನಾಲ್ಕು, ನಾಲ್ಕು ಬದಿ), ಕೆಲವರು 13. ಸರಿಯಾದ್ದು 12: ಮೂಲೆಯ ಕಂಬ ಎರಡು ಬದಿಗೂ ಒಂದೇ, ಸುತ್ತು ಬಂದು ಕೂಡಿದ ಮೇಲೆ ಒಂದು ಹೆಚ್ಚಿಗೆಯೂ ಬೇಡ. ಮಕ್ಕಳನ್ನೇ ಕಂಬದ ಹಾಗೆ ನಿಲ್ಲಿಸಿ ಎಣಿಸಿ.

ಚದರಮೀಟರ್:

ಗುಂಟೆ ಸರಿ, ಆದರೆ ಪರೀಕ್ಷೆ ಮೀಟರಿನಲ್ಲಿ. ಅದೇ ಚೌಕದೊಳಗೆ ಒಂದು ಮೂಲೆ ಕೂಡಿಸಿ 10 ಮೀಟರ್ ಚೌಕ ಎಳೆಯಿರಿ. ಬದಿಯಲ್ಲಿ ವ್ಯತ್ಯಾಸ ಆರು ಸೆಂಟಿಮೀಟರಿಗೂ ಕಡಿಮೆ. ಒಳಗಿನದು 100 ಚದರ ಮೀಟರ್, ಗುಂಟೆ 101.17.

ದಾಖಲಿಸುವಾಗ ಎರಡು ತಪ್ಪು ತಪ್ಪದೇ ಬರುತ್ತವೆ. 12 ಅಡಿ 6 ಇಂಚನ್ನು 12.6 ಅಂತ ಬರೆದು ಗುಣಿಸುವುದು, ಅದು 12.5. ಪಹಣಿಯ 2-20 ನೋಡಿ 2.2 ಎಕರೆ ಅನ್ನುವುದು. ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ. ದೊಡ್ಡವರೂ ಇಲ್ಲೇ ಜಾರುತ್ತಾರೆ.

ಬಾಂದುಕಲ್ಲು (ಚಿತ್ರದುರ್ಗ):

ಓರೆ ಹೊಲ ಖಂಡಿತ ಮಾಡಿಸಿ, ತ್ರಿಕೋನದ ವಿಸ್ತೀರ್ಣ ಗೊತ್ತಿದ್ದರೆ ಸಾಕು. ಊರಲ್ಲಿ ನಡೆಯುವ ಲೆಕ್ಕ ಅಂದರೆ ಎದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು. ಆಯತ ಬಿಟ್ಟು ಬೇರೆ ಯಾವ ನಾಲ್ಕು ಮೂಲೆಯ ಹೊಲಕ್ಕೂ ಅದು ಜಾಸ್ತಿಯೇ ತೋರಿಸುತ್ತದೆ, ಕಮ್ಮಿ ತೋರಿಸುವುದಿಲ್ಲ.

ಉದಾಹರಣೆಗೆ ಬದಿಗಳು ಸುತ್ತಲೂ ಕ್ರಮವಾಗಿ 67, 36, 49, 69 ಅಡಿ. ಸರಾಸರಿ 58 ಮತ್ತು 52.5, ಗುಣಿಸಿದರೆ 3045 ಚದರಡಿ. ಈಗ ಮೂಲೆಯಿಂದ ಮೂಲೆಗೆ ಕರ್ಣ ಎಳೆಯಿರಿ, 80 ಅಡಿ. ಉಳಿದೆರಡು ಮೂಲೆಯಿಂದ ಅದಕ್ಕೆ ಲಂಬ 30 ಮತ್ತು 42. ಅರ್ಧ × 80 × 72 = 2880. ವ್ಯತ್ಯಾಸ 165 ಚದರಡಿ, ಹತ್ತಿರ ಹತ್ತಿರ ಎರಡೂವರೆ ಆಣೆ.

ಲಂಬ ಹಿಡಿಯಲು ಉಪಕರಣ ಬೇಡ. ಕರ್ಣದ ಮೇಲೆ ದಾರ ಕಟ್ಟಿ, ಟೇಪಿನ ಸೊನ್ನೆಯನ್ನು ಮೂಲೆಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ದಾರದುದ್ದಕ್ಕೂ ಜರುಗಿಸುತ್ತ ಓದಿ. ಅತಿ ಕಡಿಮೆ ಓದು ಎಲ್ಲಿ ಬರುತ್ತದೋ ಅದೇ ಲಂಬ. ಟೇಪು ಜೋತು ಬಿದ್ದರೆ ಓದು ಹೆಚ್ಚಾಗುತ್ತದೆ, ಬಿಗಿಯಾಗಿ ಎಳೆದು ಓದಿಸಿ.

ಎರೆಹೊಲ:

ತುಂಬಾ ಉಪಯೋಗ ಆಯ್ತು. ಕರ್ಣ ಯಾವ ಎರಡು ಮೂಲೆಗೆ ಹಾಕಿದರೂ ನಡೆಯುತ್ತಾ? ಮತ್ತೆ ನಮ್ಮ ನೆಲ ಬೇಸಿಗೆಗೆ ಬಿರುಕು ಬಿಡುತ್ತದೆ, ಗೂಟ ಅಲ್ಲಾಡುತ್ತೆ.

ಬಾಂದುಕಲ್ಲು (ಚಿತ್ರದುರ್ಗ):

ಹೊಲದೊಳಗೇ ಹಾಯುವ ಕರ್ಣ ಇರಬೇಕು. ಎರಡೂ ಒಳಗಿದ್ದರೆ ಉದ್ದದ್ದನ್ನೇ ಆರಿಸಿ, ಲಂಬ ಚಿಕ್ಕದಾಗಿ ಟೇಪು ಕಡಿಮೆ ಜೋಲುತ್ತದೆ. ಗೂಟವನ್ನು ಬಿರುಕಿನ ಅಂಚಿಗೆ ಹೊಡೆಯಬೇಡಿ, ಒಂದು ಗೇಣು ಪಕ್ಕಕ್ಕೆ ಸರಿದರೂ ಚಿಂತೆಯಿಲ್ಲ, ಮೊದಲ ಮೂಲೆಯನ್ನೇ ಗಟ್ಟಿ ನೆಲ ನೋಡಿ ಇಟ್ಟುಕೊಳ್ಳಿ. ಒಂದೂವರೆ ಅಡಿಯ ಕಬ್ಬಿಣದ ಸರಳು ಸಿಕ್ಕರೆ ಒಳ್ಳೇದು. ನಮ್ಮ ಕಡೆ ಗರಸು ನೆಲಕ್ಕೆ ಗೂಟವೇ ಇಳಿಯಲ್ಲ, ಇಟ್ಟಿಗೆ ಇಟ್ಟು ಅದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗುರುತು ಹಾಕುತ್ತೇವೆ. ಮಳೆ ಬಿದ್ದ ಮರುದಿನ ಎರೆಯಲ್ಲಿ ಇಳಿಯಲೇಬೇಡಿ, ಟೇಪಿನ ಅಂಕಿ ಮಣ್ಣು ತಿಂದು ಹೋಗುತ್ತೆ.