ಸಹಾಯ ಬೇಕು: ಧಾರೆ ಸೀರೆ ಮತ್ತು ಚರ್ಮದ ಬ್ಯಾಗುಗಳನ್ನು ಇಟ್ಟುಕೊಳ್ಳಲೇ, ಬಿಡಲೇ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹಳೆಯ ಮನೆಯನ್ನು ಬಿಟ್ಟು ಮುಂದಿನ ತಿಂಗಳು ಕಾಸರಗೋಡು ಪೇಟೆಯ ಸಣ್ಣ ಫ್ಲ್ಯಾಟಿಗೆ ಹೋಗಲಿರುವುದರಿಂದ, ನನ್ನ ಮೂರು ಕಪಾಟುಗಳ ಬಟ್ಟೆಬರೆ ಒಂದೇ ಕಪಾಟಿನಲ್ಲಿ ಹಿಡಿಯಬೇಕಾಗಿದೆ. ಒಂದು ವರ್ಷದಿಂದ ತೊಡದೆ ಇದ್ದುದನ್ನು ಕೊಟ್ಟುಬಿಡುವುದೆಂದು ನಿರ್ಧರಿಸಿದ್ದೆ. ಚೂಡಿದಾರಗಳ ಮಟ್ಟಿಗೆ ಅದು ಸರಿಯಾಯಿತು; ಆದರೆ ಮದುವೆ, ಉಪನಯನಗಳಿಗೆ ಮಾತ್ರ ಹೊರಬರುವ ಪಟ್ಟೆ (ರೇಷ್ಮೆ) ಸೀರೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ನನ್ನ ಧಾರೆ ಸೀರೆಯ ಜರಿ ಕಪ್ಪಾಗಿದ್ದು, ಹಳೆಯ ಮಡಿಕೆಯ ಗೆರೆಯುದ್ದಕ್ಕೂ ಸೀಳು ಬಿಟ್ಟಿದೆ, ಬಿಡಿಸಿದಷ್ಟೂ ಹರಿಯುತ್ತದೆ. ಅತ್ತೆಯವರು ಕೊಟ್ಟ, ಭೌಗೋಳಿಕ ಸೂಚಕ (ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ಪಡೆದಿರುವ ನಮ್ಮ ಕಾಸರಗೋಡು ಕೈಮಗ್ಗದ ಹತ್ತಿ ಸೀರೆಗಳು ಮಾತ್ರ ಇಷ್ಟು ಒಗೆತದ ನಂತರವೂ ಗಟ್ಟಿಯಾಗಿವೆ. ಅವನ್ನು ಬಿಡುವ ಪ್ರಶ್ನೆಯೇ ಇಲ್ಲ.

ಬ್ಯಾಗುಗಳು ಒಟ್ಟು 14 ಇದ್ದವು. ರೆಕ್ಸಿನ್ ಬ್ಯಾಗುಗಳ ಮೇಲ್ಪದರ ಮಳೆಗಾಲದ ತೇವಕ್ಕೆ ಹಪ್ಪಳದಂತೆ ಎದ್ದು ಉದುರುತ್ತಿದ್ದುದರಿಂದ ಅವನ್ನು ಯೋಚಿಸದೆ ಎಸೆದೆ. ಉಳಿದ ಎರಡು ಚರ್ಮದವು; ಅವುಗಳಲ್ಲೊಂದು ಮೊದಲ ಸಂಬಳದಲ್ಲಿ ಕೊಂಡದ್ದು. ಪ್ರತಿ ಆಟಿಯಲ್ಲಿಯೂ (ತುಳುವಿನ ಮಳೆಗಾಲದ ತಿಂಗಳು) ಅವುಗಳ ಮೇಲೆ ಬಿಳಿ ಬೂಸ್ಟು ಬರುತ್ತದೆ. ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗಿಟ್ಟು, ಒಳಗೆ ಕಾಗದ ತುಂಬಿಸಿ ನೋಡಿದರೂ ಮುಗ್ಗಲು ವಾಸನೆ ಹೋಗಿಲ್ಲ. ನುಸಿಗುಳಿಗೆ ಹಾಕಿದ ಮೇಲಂತೂ ಎರಡು ವಾಸನೆಗಳಾದವು.

ಧಾರೆ ಸೀರೆಯನ್ನು ಇಡಿಯಾಗಿ ಇಟ್ಟುಕೊಳ್ಳಬೇಕೇ, ಅಥವಾ ಗಟ್ಟಿಯಿರುವ ಸೆರಗನ್ನಷ್ಟೇ ಕತ್ತರಿಸಿ ಉಳಿಸಿಕೊಂಡರೆ ಸಾಕೇ? ಚರ್ಮದ ಬ್ಯಾಗಿನ ಮುಗ್ಗಲು ವಾಸನೆಯನ್ನು ನಿಜವಾಗಿ ಹೋಗಲಾಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ, ಇದ್ದರೆ ಹೇಗೆಂದು ದಯವಿಟ್ಟು ತಿಳಿಸುವಿರಾ?